ಏಳನೇ ನಂಬರಿನ ಎರಡು ಜೊತೆ

ಕನಸಿನಲ್ಲಿ ನಾನು ಬಹಳ ಚೆನ್ನಾಗಿ ಓಡುತ್ತೇನೆ. ಜಂಬಕ್ಕೆ ಹೇಳುತ್ತಿಲ್ಲ, ಎಚ್ಚರದಲ್ಲಿ ನನ್ನ ಓಟ ಕಂಡವರು ಅದೇ ನನ್ನ ಪೂರ್ತಿ ಸಾಮರ್ಥ್ಯ ಎಂದು ತಿಳಿದುಬಿಡಬಾರದಲ್ಲ, ಅದಕ್ಕೆ ಹೇಳಿದೆ. ಕನಸಿನಲ್ಲಿ ನನಗೆ ಹೊಟ್ಟೆ ಇರುವುದಿಲ್ಲ, ಏದುಸಿರು ಇರುವುದಿಲ್ಲ, ರಸ್ತೆಯಲ್ಲಿ ಹೊಂಡಗಳೂ ಇರುವುದಿಲ್ಲ. ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಅನ್ನುವಂತೆ ತೇಲಿಕೊಂಡು ಹೋಗುತ್ತಿರುತ್ತೇನೆ. ಪಕ್ಕದಲ್ಲಿ ಯಾರೋ ಸಮಸಮನಾಗಿ ಓಡುತ್ತಿರುತ್ತಾರೆ. ತಿರುಗಿ ನೋಡಿದರೆ ನನ್ನ ಹೆಂಡತಿ ವಾರಿಜಾ. ನಾವಿಬ್ಬರೂ ಏನೋ ಒಂದು ಮಾತಿಗೆ ನಗಬೇಕು, ಅಷ್ಟರಲ್ಲಿ ಯಾರೋ ಪುಣ್ಯಾತ್ಮ ಭುಜ ಅಲ್ಲಾಡಿಸಿ, "ಕಾಕಾ, ಉಠಾ, ಠಾಣೆ ಆಲಂ" ಎಂದು ಠಾಣೆ ಬಂದ ಸುದ್ದಿ ಕೊಟ್ಟು ಎಬ್ಬಿಸುತ್ತಾನೆ. ಏಕೆಂದರೆ ಈ ಕನಸುಗಳೆಲ್ಲ ನನಗೆ ಬೀಳುವುದು ಮುಂಬಯಿಯ ಬೆಳಗಿನ ಸ್ಲೋ ಲೋಕಲ್ ರೈಲಿನಲ್ಲಿ, ಮೂರು ಜನರ ಬೆಂಚಿನಲ್ಲಿ ನಾಲ್ಕನೆಯವನಾಗಿ ಅರ್ಧ ಕುಳಿತಿರುವಾಗ.

ನಮ್ಮ ಠಾಕುರ್ಲಿಯಲ್ಲಿ ಸ್ಲೋ ಗಾಡಿ ಮಾತ್ರ ನಿಲ್ಲುತ್ತದೆ. ಫಾಸ್ಟ್ ಗಾಡಿಗಳು ನಮ್ಮ ಮುಖಕ್ಕೆ ಒಂದಿಷ್ಟು ಗಾಳಿ ಹೊಡೆದು ಮುಂದೆ ಹೋಗಿಬಿಡುತ್ತವೆ. ಇದರಿಂದ ಊರಿನ ಕೆಲವರಿಗೆ ಬೇಸರವಿದೆ, ನನಗೇನೂ ಇಲ್ಲ. ಮೈಸೂರಿನಿಂದ ಬಂದವನಿಗೆ ನಿಧಾನ ಎಂಬುದು ಕೊರತೆ ಅಂತ ಅನ್ನಿಸುವುದೇ ಇಲ್ಲ. ವಾರಿಜಾ ಮಾತ್ರ ಉಡುಪಿ ಕಡೆಯವಳು, ಚುರುಕು. ನಾವಿಬ್ಬರೂ ದಿನಾ ಒಂದೇ ಗಾಡಿಗೆ ಹೋಗುತ್ತೇವೆ, ಆದರೆ ಅವಳು ಲೇಡೀಸ್ ಡಬ್ಬಿಯಲ್ಲಿ, ನಾನು ಜೆಂಟ್ಸ್ ಡಬ್ಬಿಯಲ್ಲಿ. ಠಾಣೆಯಲ್ಲಿ ಇಳಿದಮೇಲಾದರೂ ಜೊತೆಯಾಗೋಣ ಎಂದರೆ, ನಾನು ಬ್ಯಾಗು ಸರಿಮಾಡಿಕೊಂಡು ತಲೆಯೆತ್ತುವಷ್ಟರಲ್ಲಿ ಅವಳು ಸೇತುವೆಯ ಮೆಟ್ಟಿಲ ಅರ್ಧದಲ್ಲಿರುತ್ತಾಳೆ. ಅವಳ ಆಫೀಸು ಆ ಕಡೆ, ನಾನು ಐರೋಲಿಯ ಗಾಡಿ ಹಿಡಿಯಬೇಕಾದದ್ದು ಈ ಕಡೆ. ಸಂಸಾರದಲ್ಲಿ ಹೆಂಡತಿಯ ಮುಖ ನೋಡಿದ್ದಕ್ಕಿಂತ ಬೆನ್ನು ನೋಡಿದ್ದೇ ಹೆಚ್ಚು ಎಂದು ನಾನು ಒಮ್ಮೆ ಅಂದಾಗ, "ಬೆನ್ನಾದ್ರೂ ಕಾಣ್ತದಲ್ಲ, ಪುಣ್ಯ" ಎಂದಿದ್ದಳು.

ಹೋದ ವರ್ಷ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, ಸಕ್ಕರೆ ಗಡಿಯಲ್ಲಿ ಬಂದು ನಿಂತಿದೆ, ಸ್ವಲ್ಪ ನಡೀರಿ ಎಂದರು. ಆ ಸಕ್ಕರೆಯ ಪುಣ್ಯದಿಂದ ಭಾನುವಾರ ಬೆಳಿಗ್ಗೆ ನಾವಿಬ್ಬರೂ ನೈಂಟಿ ಫೀಟ್ ರೋಡಿಗೆ ವಾಕಿಂಗ್ ಹೋಗತೊಡಗಿದೆವು. ಆ ಹೊತ್ತಿಗೆ ರಸ್ತೆಗೇ ಇನ್ನೂ ಪೂರ್ತಿ ಎಚ್ಚರವಾಗಿರುವುದಿಲ್ಲ. ಕಟ್ಟಡಗಳ ಮೇಲಿನ ಮಹಡಿಗಳು ಮಂಜಿನಲ್ಲಿ ಇಲ್ಲವಾಗಿರುತ್ತವೆ, ದೂರದಲ್ಲಿ ಯಾವುದೋ ಗಾಡಿ ಕಲ್ಯಾಣದ ಕಡೆಗೆ ಹೋದ ಸದ್ದು ಬಂದು ನಿಂತುಹೋಗುತ್ತದೆ. ಏನು ಮಾತಾಡುತ್ತಿದ್ದೆವು ಎಂದು ಕೇಳಿದರೆ ಹೇಳುವಂಥದ್ದೇನಿಲ್ಲ. ಚಳಿಗೆ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ, ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಹಿಂದಿಯಲ್ಲಿ ರೇಗುತ್ತಾಳೆ, ಲಿಫ್ಟು ಮತ್ತೆ ಕೆಟ್ಟಿದೆ. ಆದರೆ ಮಾತಾಡುವಾಗ ಅವಳ ಬಳೆ ನನ್ನ ಮೊಣಕೈಗೆ ತಾಗುತ್ತಿತ್ತು. ಇಷ್ಟು ಸುಖ ನನಗೆ ಪ್ರಮೋಷನ್ ಸಿಕ್ಕಿದ ದಿನವೂ ಆಗಿರಲಿಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಒಂದು ಭಾನುವಾರ ಅವಳು ಇದ್ದಕ್ಕಿದ್ದಂತೆ, "ಒಂದು ಸರ್ತಿ ಓಡಿ ನೋಡ್ತೇನೆ, ಆಯ್ತಾ" ಎಂದು ದುಪಟ್ಟಾ ಸೊಂಟಕ್ಕೆ ಬಿಗಿದು ಓಡಿಯೇಬಿಟ್ಟಳು. ಶಾಲೆಯಲ್ಲಿ ಇನ್ನೂರು ಮೀಟರಿಗೆ ತಾಲೂಕಿಗೇ ಮೊದಲು ಬಂದವಳಂತೆ. ಅದರ ಬಹುಮಾನವಾಗಿ ಬಂದ ಸ್ಟೀಲ್ ಡಬ್ಬಿಯಲ್ಲಿ ನಮ್ಮ ಮನೆಯ ಮೆಣಸಿನಪುಡಿ ಇದೆ, ಅಷ್ಟು ಬಿಟ್ಟರೆ ಆ ಓಟದ ಸುದ್ದಿ ನಾವ್ಯಾರೂ ಎತ್ತಿದ್ದಿಲ್ಲ. ಆವತ್ತು ಅವಳು ಮಂಜಿನೊಳಗೆ ಹೋಗಿ, ಮಂಜಿನೊಳಗಿಂದ ಬಂದಳು. ಮುಖ ಕೆಂಪಾಗಿತ್ತು. ಬಂದವಳೇ, ನವಿ ಮುಂಬಯಿಯಲ್ಲಿ ಹತ್ತು ಕಿಲೋಮೀಟರ್ ಓಟ ಉಂಟಂತೆ, ಇಬ್ಬರೂ ಹೆಸರು ಕೊಡೋಣ ಎಂದಳು. "ಜೊತೆಗೇ ಓಡೋಣ ಮಾರಾಯ್ರೆ." ಆ 'ಜೊತೆಗೇ' ಎಂಬ ಪದ ಕೇಳಿ ನಾನು ಒಪ್ಪಿದೆ. ಒಪ್ಪಿದಮೇಲೆ ಹೊಳೆಯಿತು, ಈ ವೇಗದಲ್ಲಿ ಅಲ್ಲಿಯೂ ನನಗೆ ಸಿಗುವುದು ಬೆನ್ನೇ.

ಓಡಲಾಗದವನು ಓಟದ ಬಗ್ಗೆ ಓದುತ್ತಾನೆ. ನಾಲ್ಕನೇ ಸೀಟಿನಲ್ಲಿ ಕುಳಿತು ನಾನು ಫೋನಿನಲ್ಲಿ ಶೂಗಳ ಬಗ್ಗೆ ಓದಿದ್ದೇ ಓದಿದ್ದು. ಇವುಗಳಲ್ಲಿ ಮುಖ್ಯವಾಗಿ ಮೂರು ಜಾತಿ. ರೇಸಿಂಗ್ ಶೂ ಎಂಬುದು ದೊಡ್ಡ ಮನೆಯ ಅಳಿಯ. ವರ್ಷಕ್ಕೆ ಒಂದೆರಡು ಸಲ, ವಿಶೇಷವಿದ್ದಾಗ ಮಾತ್ರ ಬರುವುದು; ತೂಕವಿಲ್ಲ, ನೆಲದ ಮೇಲೆ ನಿಲ್ಲುವುದಿಲ್ಲ, ಬೇಗ ಸವೆದುಹೋಗುತ್ತದೆ. ಡೇಲಿ ಟ್ರೇನರ್ ಮನೆಯ ಸೊಸೆ. ದಿನಾ ಬೆಳಿಗ್ಗೆ ಅದೇ, ಹೊಗಳುವವರು ಯಾರೂ ಇಲ್ಲ. ಮೂರನೆಯದು ಸ್ಟೆಬಿಲಿಟಿ ಶೂ. ಇದು ಮನೆಯ ಅಜ್ಜ. ಹೆಜ್ಜೆ ಇಟ್ಟಾಗ ಪಾದ ಒಳಗಡೆಗೆ ಕುಸಿಯುವವರಿಗೆ ಪಕ್ಕದಿಂದ ಗಟ್ಟಿಯಾಗಿ ಆತುಕೊಂಡು, "ನೋಡಿ ನಡಿಯೋ, ಬೀಳ್ತೀಯ" ಎನ್ನುತ್ತಿರುತ್ತದೆ. ಒಳ್ಳೆಯದೇ, ಆದರೆ ಭಾರ. ಈ 'ಭಾರ' ಎಂಬ ಮಾತನ್ನು ಓದಿದಾಗ ಗಾಡಿ ಕಳವಾ ಸ್ಟೇಷನ್ ದಾಟುತ್ತಿತ್ತು. ನನ್ನ ತಲೆಯಲ್ಲಿ ಒಂದು ದೀಪ ಹತ್ತಿಕೊಂಡಿತು. ಹಾಳು ದೀಪ, ಹತ್ತಬಾರದಿತ್ತು.

ಠಾಣೆಯ ಒಂದು ದೊಡ್ಡ ಅಂಗಡಿಗೆ ಹೋದೆವು. ಅಲ್ಲಿನ ಹುಡುಗಿ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ, ಹಿಂದಿನಿಂದ ನಮ್ಮ ಕಾಲುಗಳ ವಿಡಿಯೋ ತೆಗೆದಳು. ಇಬ್ಬರದೂ ಏಳನೇ ನಂಬರು. ನನ್ನ ಪಾದ ಚಿಕ್ಕದೋ, ಅವಳದು ದೊಡ್ಡದೋ ಎಂಬ ಬಗ್ಗೆ ನಮ್ಮ ಮನೆಯಲ್ಲಿ ಎರಡು ಅಭಿಪ್ರಾಯಗಳಿವೆ. ಅಷ್ಟರಲ್ಲಿ ವಾರಿಜಾಗೆ ತಂಗಿಯ ಫೋನು ಬಂದು ಹೊರಗೆ ಹೋದಳು. ಹುಡುಗಿ ನನಗೊಬ್ಬನಿಗೇ ವಿಡಿಯೋ ತೋರಿಸಿ, "ಕಾಕಾ, ತುಮ್ಚಾ ಪಾಯ್ ಆತ್ ವಳ್ತೋಯ್" ಎಂದಳು. ನನ್ನ ಕಾಲು ಒಳಗಡೆಗೆ ಮಡಚುತ್ತಿದೆ, ಸ್ಟೆಬಿಲಿಟಿ ಶೂ ಬೇಕಾದದ್ದು ನನಗೆ. ಕಾಕೂ, ಅಂದರೆ ವಾರಿಜಾಳ ಹೆಜ್ಜೆ ಮಾತ್ರ ನೆಟ್ಟಗೆ ಬೀಳುತ್ತದೆ, ಅವರಿಗೆ ರೇಸಿಂಗ್ ಕೊಡಿಸಿ ಎಂದು ತೀರ್ಪು ಕೊಟ್ಟು ಇನ್ನೊಬ್ಬ ಗಿರಾಕಿಯ ಕಡೆ ಹೋದಳು. ವಾರಿಜಾ ಒಳಗೆ ಬಂದಳು.

"ಎಂತ ಹೇಳಿದ್ಳು?"

"ನಿನಗೆ ಸ್ಟೆಬಿಲಿಟಿ ಬೇಕಂತೆ ಕಣೇ. ಮಂಡಿಗೆ ಒಳ್ಳೇದಂತೆ."

"ನಿಮಗೆ?"

"ನನಗಾ? ನನಗೆ... ರೇಸಿಂಗ್ ಸಾಕು ಅಂದ್ಳು."

ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನಡುವೆ ಹೊಟ್ಟೆಯ ಹತ್ತಿರ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬೂದು ಬಣ್ಣದ ಸ್ಟೆಬಿಲಿಟಿ ಶೂ ಹಾಕಿಕೊಂಡು, "ಕಾಲಿಗೆ ತೆಂಗಿನಕಾಯಿ ಕಟ್ಟಿದ ಹಾಗೆ ಉಂಟಲ್ಲ" ಎಂದಳು. ಭಾರವಿದ್ದರೇ ಗಟ್ಟಿ ಎಂದು ನಾನು ಸಮಾಧಾನ ಹೇಳಿದೆ. ನನ್ನದು ಗಿಳಿ ಹಸಿರು, ಹಪ್ಪಳದಷ್ಟು ಹಗುರ. ವಾರಿಜಾ ಇನ್ನೂ ಆಚೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಬಿಲ್ಲು ಮಾಡುತ್ತಾ ಹುಡುಗಿ, "ಕಾಕಾ, ಉಲ್ಟಾ ಝಾಲಂ ಕಾ?" ಎಂದಳು. ಅದಲುಬದಲಾಗಿದೆಯೇ ಎಂಬ ಆ ಪ್ರಶ್ನೆಗೆ ನಾನು, "ನಾಹೀ ನಾಹೀ, ಬರೋಬರ್ ಆಹೆ" ಎಂದು ಚೀಲ ಎತ್ತಿಕೊಂಡು ಬಾಗಿಲ ಕಡೆ ನಡೆದೆ. ನನ್ನ ಜೀವಮಾನದಲ್ಲಿ ನಾನು ವಾರಿಜಾಗಿಂತ ಮುಂದೆ ನಡೆದದ್ದು ಅದೊಂದೇ ಸಲ.

ಉಪಾಯ ಫಲಿಸಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಫಲಿಸಿತು. ಮುಂದಿನ ಭಾನುವಾರಗಳಲ್ಲಿ ಅಜ್ಜ ಅವಳ ಕಾಲು ಹಿಡಿದುಕೊಂಡ, ಅಳಿಯ ನನ್ನನ್ನು ಹಿಂದಿನಿಂದ ನೂಕಿದ. ನಾವು ಸಮಸಮನಾಗಿ ಓಡಿದೆವು. ಒಮ್ಮೊಮ್ಮೆ ನಾನು ಎಚ್ಚರವಾಗಿದ್ದೇನೋ, ಗಾಡಿಯಲ್ಲಿ ತೂಕಡಿಸುತ್ತಿದ್ದೇನೋ ಎಂದೇ ತಿಳಿಯುತ್ತಿರಲಿಲ್ಲ. ಅದೇ ಮಂಜು, ಅದೇ ತೇಲಾಟ, ಪಕ್ಕದಲ್ಲಿ ಅದೇ ಬಳೆಯ ಸದ್ದು. ಭುಜ ಅಲ್ಲಾಡಿಸುವವರು ಮಾತ್ರ ಯಾರೂ ಇಲ್ಲ. ಆದರೆ ಸಂಜೆ ಆಫೀಸಿನಿಂದ ಬಂದವಳು ಸೋಫಾದ ಮೇಲೆ ಕುಳಿತು ಮೊಣಕಾಲಿನ ಕೆಳಗೆ ಎಣ್ಣೆ ತಿಕ್ಕಿಕೊಳ್ಳತೊಡಗಿದಳು. ಒಂದು ದಿನ ಎಣ್ಣೆಯ ಬಟ್ಟಲು ಕೆಳಗಿಟ್ಟು, "ವಯಸ್ಸಾಯ್ತು ಅಲ್ಲ ಮಾರಾಯ್ರೆ? ನಾನು ಸುಮ್ಮನೆ ಹಳೇದೆಲ್ಲ ನೆನಪು ಮಾಡಿ ಹಾರಾಡಿದೆ" ಎಂದಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ, "ಕಾಫಿ ಮಾಡ್ಲಾ?" ಎಂಬ ಮಾತು ಹೊರಗೆ ಬಂತು.

ಓಟದ ಬೆಳಿಗ್ಗೆ ನವಿ ಮುಂಬಯಿಯಲ್ಲಿ ಖಾಡಿಯ ಹಿನ್ನೀರಿನ ಮೇಲೆ ಮಂಜು ಕೂತಿತ್ತು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೋ ಗೊತ್ತಾಗುತ್ತಿರಲಿಲ್ಲ. ಕೆಸರಿನ ಅಂಚಿನಲ್ಲಿ ಫ್ಲೆಮಿಂಗೋ ಹಕ್ಕಿಗಳು ಒಂದು ಮಾಸಲು ಗುಲಾಬಿ ಗೆರೆಯಾಗಿ ನಿಂತಿದ್ದವು. ಸೀಟಿ ಊದಿದರು, ಸಾವಿರಾರು ಕಾಲುಗಳು ಸರಸರ ಎಂದವು. ಮೊದಲ ಎರಡು ಕಿಲೋಮೀಟರು ನಾವಿಬ್ಬರೂ ಒಟ್ಟಿಗೇ ಇದ್ದೆವು, ನನಗೆ ಸ್ವರ್ಗ. ಮೂರನೆಯದರಲ್ಲಿ ಅಳಿಯ ತನ್ನ ಬುದ್ಧಿ ತೋರಿಸಿದ. ಆ ಎತ್ತರದ ಮೆತ್ತನೆ ಅಟ್ಟೆಯ ಮೇಲೆ ನನ್ನ ಕಾಲು ಒಳಗಡೆಗೆ ಜಾರಿತು, ಇನ್ನೊಮ್ಮೆ ಜಾರಿತು, ಮೂರನೇ ಸಲ ಹರಡು ನೋವಿನಿಂದ ಸಿಡಿಯಿತು. ನಾನು ಕುಂಟಿಕೊಂಡು ಹೋಗಿ ಡಿವೈಡರಿನ ಕಟ್ಟೆಯ ಮೇಲೆ ಕುಳಿತೆ. ವಾರಿಜಾ ಬಂದು ಪಕ್ಕದಲ್ಲಿ ಕುಳಿತು ಕಾಲು ಒತ್ತಿಕೊಂಡಳು.

"ಬಿಡಿ, ನನಗೂ ಆಗುದಿಲ್ಲ. ಇದೇ ಕೊನೆ. ಇನ್ನು ಓಟ ಗೀಟ ಎಲ್ಲ ಬೇಡ, ವಯಸ್ಸಾಯ್ತು."

"ವಯಸ್ಸಲ್ಲ ಕಣೇ, ಶೂ" ಎಂದೆ.

ಬಾಯಿಂದ ಬಿದ್ದುಹೋಗಿತ್ತು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅಂಗಡಿಯ ವಿಡಿಯೋ, ಹುಡುಗಿಯ ತೀರ್ಪು, ನನ್ನ ಕಿತಾಪತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವಳ ಮೂಗು ಕೆಂಪಾಗುತ್ತಾ ಬಂತು.

"ಎಂಥ ಜನ ನೀವು! ನಾನು ಕಾಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಸಾಯ್ತಾ ಇದ್ದೇನೆ, ಮುದುಕಿ ಆದೆ ಅಂತ ಮನಸ್ಸಲ್ಲೇ ಕೊರಗ್ತಾ ಇದ್ದೇನೆ, ಇವ್ರು ಕಾಫಿ ಮಾಡ್ತಾರಂತೆ ಕಾಫಿ! ಯಾಕೆ ಹೀಗೆ ಮಾಡಿದ್ದು?"

"ನೀನು ಮುಂದೆ ಹೋಗಿಬಿಡ್ತೀಯಲ್ಲ ಅಂತ" ಎಂದೆ. "ದಿನಾ ಹೋಗ್ತೀಯ. ಒಂದು ದಿನವಾದರೂ ಪಕ್ಕದಲ್ಲಿ ಇರಲಿ ಅಂತ ಆಸೆಯಾಯ್ತು."

ಅವಳು ನಗತೊಡಗಿದಳು. ಓಡುತ್ತಿದ್ದವರು ತಿರುಗಿ ನೋಡುವಷ್ಟು ನಕ್ಕಳು. "ಅಯ್ಯೋ ದೇವರೇ! ಬಾಯಿ ಬಿಟ್ಟು ಹೇಳಿದ್ರೆ ನಾನು ನಿಲ್ತಿರ್ಲಿಲ್ವಾ? ಕೊಡಿ ಇಲ್ಲಿ" ಎಂದು ನನ್ನ ಹಸಿರು ಶೂ ಕಳಚಿಸಿಕೊಂಡಳು. ನಡುರಸ್ತೆಯ ಕಟ್ಟೆಯ ಮೇಲೆ ಕುಳಿತು ನಾವಿಬ್ಬರೂ ಶೂ ಬದಲಾಯಿಸಿಕೊಂಡೆವು. ಅವಳ ಬೂದು ಶೂ ನನ್ನ ಪಾದವನ್ನು ಪಕ್ಕದಿಂದ ಹಿಡಿದು ನೆಟ್ಟಗೆ ನಿಲ್ಲಿಸಿತು, ನೋವು ಅರ್ಧಕ್ಕರ್ಧ ಇಳಿಯಿತು. ಅವಳು ಹಸಿರು ಶೂ ತೊಟ್ಟು ನಿಂತಲ್ಲೇ ಎರಡು ಸಲ ಕುಪ್ಪಳಿಸಿದಳು. ತಾಲೂಕಿಗೆ ಮೊದಲು ಬಂದ ಆ ಹುಡುಗಿಯನ್ನು ನಾನು ನೋಡಿದ್ದು ಅದೇ ಮೊದಲು.

"ನಡೀರಿ, ಮೆಲ್ಲ ಹೋಗುವ, ಒಟ್ಟಿಗೆ" ಎಂದಳು.

ನನಗೆ ಬೇಕಾದದ್ದು ಅದೇ ತಾನೇ? ಆದರೂ ನಾನು, "ಬೇಡ, ನೀನು ಓಡು" ಎಂದೆ. ಅದು ನನ್ನ ಬಾಯಿಂದ ಹೇಗೆ ಬಂತೋ ನನಗೇ ಗೊತ್ತಿಲ್ಲ. ಹಾಗೆ ಹೇಳಿದಮೇಲೆ ಒಂದು ಉಪಚಾರಕ್ಕಾದರೂ 'ಇಲ್ಲ, ಇರ್ತೇನೆ' ಅನ್ನಬಹುದಿತ್ತು. ಅನ್ನಲಿಲ್ಲ. "ನಾನು ಹೋಗಿ ಎಲ್ಲಿಗೆ ಹೋಗ್ತೇನೆ? ಆಚೆ ತುದಿಯಲ್ಲಿ ಬಾಳೆಹಣ್ಣು ಕೊಡ್ತಾರಂತೆ, ಅಲ್ಲೇ ಇರ್ತೇನೆ" ಎಂದು ಹೊರಟೇಬಿಟ್ಟಳು. ಎರಡು ಹಸಿರು ಚುಕ್ಕೆಗಳು ಮಂಜಿನಲ್ಲಿ ಮೇಲೆ ಕೆಳಗೆ ಆಡುತ್ತಾ ಸಣ್ಣದಾದವು, ಆಮೇಲೆ ಮಂಜು ಮಾತ್ರ ಇತ್ತು. ಬೆನ್ನೇ, ಒಪ್ಪಿದೆ. ಆದರೆ ಹೆಂಡತಿಯ ಬೆನ್ನು ಅಷ್ಟು ಚೆಂದ ಎಂದು ನನಗೆ ಆವತ್ತೇ ಗೊತ್ತಾದದ್ದು.

ನಾನು ನಿಧಾನವಾಗಿ, ಗಟ್ಟಿಯಾಗಿ, ಫ್ಲೆಮಿಂಗೋಗಳನ್ನು ನೋಡಿಕೊಂಡು ತುದಿ ತಲುಪಿದಾಗ ಪೆಂಡಾಲು ಬಿಚ್ಚುತ್ತಿದ್ದರು. ವಾರಿಜಾ ಬಾಳೆಹಣ್ಣಿನ ಸಿಪ್ಪೆ ಹಿಡಿದು ನಿಂತಿದ್ದಳು. "ನಿಮ್ಮದೂ ಒಂದು ತೆಗೆದಿಟ್ಟಿದ್ದೆ, ನೀವು ಬರುವ ಲಕ್ಷಣ ಕಾಣ್ಲಿಲ್ಲ, ತಿಂದೆ" ಎಂದಳು. ಹಸಿರು ಶೂ ಚೆನ್ನಾಗಿದೆಯೇ ಎಂದು ಕೇಳಿದೆ. ಕಾಲು ಚಾಚಿ ನೋಡಿಕೊಂಡಳೇ ಹೊರತು ಬಿಚ್ಚಿಕೊಡುವ ಮಾತೆತ್ತಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಯಾರಿಗೂ ಹೇಳುತ್ತಿರಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಫೋನಿಗೆ ಫಲಿತಾಂಶ ಬಂತು. ಓಟಕ್ಕೆ ಮುಂಚೆ ಎಲ್ಲರ ಶೂ ಲೇಸಿಗೂ ಅವರವರ ಹೆಸರಿನ ಒಂದು ಪುಟ್ಟ ಚಿಪ್ ಕಟ್ಟಿದ್ದರು. ಯಾರು ಯಾವಾಗ ಗೆರೆ ದಾಟಿದರು ಎಂದು ಲೆಕ್ಕ ಇಡುವುದು ಅದೇ. ನಾವು ಶೂ ಬದಲಾಯಿಸಿಕೊಂಡೆವೇ ವಿನಾ ಚಿಪ್ ಬದಲಾಯಿಸಿಕೊಳ್ಳಲಿಲ್ಲ. ಐವತ್ತು ದಾಟಿದ ಗಂಡಸರಲ್ಲಿ ನಾನು ಮೂರನೆಯವನಂತೆ! ವಾರಿಜಾಳ ಹೆಸರು ಎಲ್ಲೋ ಕೆಳಗೆ, ಪೆಂಡಾಲು ಬಿಚ್ಚುವವರ ಹತ್ತಿರ. ಠಾಕುರ್ಲಿ ಬರುವಷ್ಟರಲ್ಲಿ ಪಕ್ಕದ ಫ್ಲ್ಯಾಟಿನ ಜೋಶಿ ಇದನ್ನು ವೆಬ್‌ಸೈಟಿನಲ್ಲಿ ನೋಡಿ ಸೊಸೈಟಿಯ ವಾಟ್ಸಾಪ್ ಗ್ರೂಪಿಗೆ ಹಾಕಿ, "ವಹಿನೀಂನಾ ಸೋಡೂನ್ ಪಳಾಲಾತ್ ಕೀ ಹೋ!" ಎಂದು ಬರೆದಾಗಿತ್ತು. ಹೆಂಡತಿಯನ್ನು ಬಿಟ್ಟು ಓಡಿದಿರಲ್ರೀ ಎಂದರ್ಥ. ಸಂಘಟಕರಿಗೆ ಈಗಲೇ ಬರೆದು ತಿದ್ದಿಸುತ್ತೇನೆ, ಅದು ನಿನ್ನ ಬಹುಮಾನ ಎಂದೆ ನಾನು ವಾರಿಜಾಗೆ. ಅವಳು ನನ್ನ ಕೈಯಿಂದ ಫೋನು ಕಿತ್ತುಕೊಂಡಳು. "ಬೇಡ, ಇರ್ಲಿ. ಇನ್ನು ಜನ್ಮ ಪೂರ್ತಿ ಯಾರು ಯಾರನ್ನು ಬಿಟ್ಟು ಹೋಗುದು ಅಂತ ಕೇಳಿದ್ರೆ ತೋರಿಸ್ಲಿಕ್ಕೆ ನನಗೆ ಬೇಕು" ಎಂದಳು. ಹೀಗೆ, ಹೆಂಡತಿ ಎಲ್ಲಿ ಮುಂದೆ ಹೋಗಿಬಿಡುತ್ತಾಳೋ ಎಂದು ಹೆದರಿ ಇಷ್ಟೆಲ್ಲ ಕಿತಾಪತಿ ಮಾಡಿದ ನಾನು ಈಗ ಇಡೀ ಬಿಲ್ಡಿಂಗಿನಲ್ಲಿ, ದಾಖಲೆ ಸಮೇತ, ಹೆಂಡತಿಯನ್ನು ಬಿಟ್ಟು ಓಡಿಹೋದ ಗಂಡ.