ಮಸ್ಕತ್ತಿನ ಕೂಸು, ಹುಮನಾಬಾದಿನ ತೊಟ್ಟಿಲು

ಪ್ರತಿಯೊಬ್ಬ ಗಂಡಸಿಗೂ ಮನೆಯಲ್ಲಿ ಯಾವುದಾದರೂ ಒಂದು ವಿಷಯದಲ್ಲಿ ಪಂಡಿತ ಅನ್ನಿಸಿಕೊಳ್ಳುವ ಚಪಲ ಇರುತ್ತದೆ. ಕೆಲವರು ಮಾವಿನಹಣ್ಣು ಆರಿಸುವುದರಲ್ಲಿ, ಕೆಲವರು ನೆಗಡಿಯ ಔಷಧಿಯಲ್ಲಿ ಈ ಪಟ್ಟ ಗಿಟ್ಟಿಸಿಕೊಳ್ಳುತ್ತಾರೆ. ನನಗೆ ಅವೆಲ್ಲ ಒಲಿಯಲಿಲ್ಲ, ಕಂಪ್ಯೂಟರ್ ಗಂಟುಬಿತ್ತು. ತೊಂಬತ್ತರ ದಶಕದ ಕೊನೆಗೆ ನಮ್ಮ ಕಚೇರಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಧೈರ್ಯ ಮಾಡಿದವನು ನಾನೊಬ್ಬನೇ. ಆ ಒಂದೇ ಸಾಹಸದ ಮೇಲೆ ಎಷ್ಟೋ ವರ್ಷ ತಜ್ಞನಾಗಿ ಬಾಳಿದೆ. ಹುಮನಾಬಾದಿನ ನಮ್ಮ ಓಣಿಯಲ್ಲಿ ಯಾರ ಮನೆಯ ಟಿವಿ ಕೆಟ್ಟರೂ "ಕಂಪ್ಯೂಟರ್ ಸಾಹೇಬ್ರಿಗೆ ಕರೀರಿ" ಎನ್ನುತ್ತಿದ್ದರು. ನಾನು ಹೋಗಿ, ಗಂಭೀರವಾಗಿ ಪ್ಲಗ್ ಕಿತ್ತು ಮತ್ತೆ ಹಾಕಿ, ಚಹಾ ಕುಡಿದು ಬರುತ್ತಿದ್ದೆ.

ಇಂಥ ನನ್ನ ಮನೆಗೆ ತಂತಿಯಿಲ್ಲದ ಇಂಟರ್ನೆಟ್ ಬಂದಾಗ ನಾನು ನೆಲದ ಮೇಲೆ ನಿಲ್ಲಲಿಲ್ಲ. ಹೊರಕೋಣೆಯಲ್ಲಿ ಟೆಲಿಫೋನಿನ ಪಕ್ಕ ಎರಡು ಕೊಂಬಿನ ರೌಟರ್, ನಡುಮನೆಯ ಗೋಡೆಗೂಡಿನಲ್ಲಿ ಕಂಪ್ಯೂಟರ್. ನಡುವೆ ಬರೀ ಗಾಳಿ. ಮನೆಗೆ ಬಂದವರಿಗೆಲ್ಲ ಆ ಗಾಳಿಯನ್ನು ಕೈಮಾಡಿ ತೋರಿಸಿ, "ಇದರಾಗೇ ಹೊಂಟದ ನೋಡ್ರಿ" ಎನ್ನುತ್ತಿದ್ದೆ. ಅವರು ಪಾಪ ತಲೆ ತಗ್ಗಿಸಿ ದಾಟುತ್ತಿದ್ದರು. ರೌಟರಿನ ಜೊತೆ ಬಂದಿದ್ದ ಉದ್ದನೆಯ ನೀಲಿ ತಂತಿಯನ್ನು, ಇನ್ನು ಇದರ ಹಂಗೇಕೆ ಎಂದು ಹಿತ್ತಲಲ್ಲಿ ಬಟ್ಟೆ ಒಣಹಾಕಲು ಕಟ್ಟಿಬಿಟ್ಟೆ.

ಆ ಗಾಳಿಯನ್ನೇ ನಂಬಿ ಬಸವಕಲ್ಯಾಣದಲ್ಲಿರುವ ನಮ್ಮ ಅಕ್ಕನಿಗೆ ಒಂದು ಮಾತು ಕೊಟ್ಟೆ. ನಮ್ಮ ತಮ್ಮ ರವಿ ಮಸ್ಕತ್ತಿನಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತಾನೆ. ಅಲ್ಲೇ ಅವನಿಗೆ ಮಗಳು ಹುಟ್ಟಿದಳು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದು ಹೆಸರು ಹೇಳುವ ಹಕ್ಕು ಸೋದರತ್ತೆಯದು. ಅಕ್ಕ ಆ ಹಕ್ಕನ್ನು ಹೊಲದ ಬದುವಿನ ಹಾಗೆ ಕಾಯ್ದುಕೊಂಡು ಬಂದವಳು. ನನ್ನ ಮಕ್ಕಳಿಗೆಲ್ಲ ಅವಳಿಟ್ಟದ್ದೇ ಹೆಸರು, ಅವಳದೇ ಕುರ್ರ್. ರವಿ ಸಲೀಸಾಗಿ, "ಅಕ್ಕಾ, ನೀ ಫೋನಿನಾಗ ಹೇಳಿಬಿಡು" ಎಂದ. "ಕೂಸಿನ ಮಾರಿ ನೋಡ್ಲಾರ್ದ ನಾ ಹೆಸರಿಡಂಗಿಲ್ಲ" ಎಂದಳು ಅಕ್ಕ. ಹಾಗಾದರೆ ಅಲ್ಲಿ ಪಕ್ಕದ ಮನೆಯ ಹೆಂಗಸಿನಿಂದ ಇಡಿಸುತ್ತೇವೆ ಎಂದು ಅವನು ಬಾಯಿ ತಪ್ಪಿ ಅಂದದ್ದೇ ತಡ, ಅಕ್ಕ ಅವನ ಜೊತೆ ಮಾತು ಬಿಟ್ಟಳು. ಆಗ ನಾನು ನಡುವೆ ಬಾಯಿ ಹಾಕಿದೆ. "ಐತವಾರ ನಮ್ಮ ಮನಿಗೆ ಬಾ ಅಕ್ಕಾ. ಕಂಪ್ಯೂಟರಿನಾಗ ಕೂಸಿನ ಮಾರೀನೂ ತೋರಸ್ತೀನಿ, ಹೆಸರೂ ಇಡಸ್ತೀನಿ."

ಮಾತು ಕೊಟ್ಟ ಮರುದಿನವೇ ಇಂಟರ್ನೆಟ್ ನಿಂತಿತು. ಅದೇ ದಿನ ಕೊಡಂಬಲದ ನಮ್ಮ ಹೊಲದಿಂದ ವರ್ಷದ ಜೋಳ ಬಂದು, ನನ್ನ ಹೆಂಡತಿ ಮಹಾನಂದಾ ಆಳುಗಳನ್ನು ಹಿಡಿದು ಎದೆಯೆತ್ತರದ ತಗಡಿನ ಡ್ರಮ್ಮಿಗೆ ತುಂಬಿಸುತ್ತಿದ್ದಳು. ನನಗೆ ಜೋಳದ ಕಡೆ ನೋಡಲು ಪುರಸೊತ್ತೆಲ್ಲಿ? ರೌಟರಿನ ದೀಪಗಳೆಲ್ಲ ಹಸಿರಾಗಿ ಮಿನುಗುತ್ತಿದ್ದವು. ಕಂಪ್ಯೂಟರ್ ಮಾತ್ರ ಸಿಗ್ನಲ್ ಇಲ್ಲ ಎಂದು ಹಟ ಹಿಡಿದು ಕೂತಿತ್ತು. ನನ್ನ ಹಳೆಯ ವಿದ್ಯೆಯಂತೆ ಪ್ಲಗ್ ಕಿತ್ತು ಹಾಕಿದೆ. ಪಾಸ್‌ವರ್ಡ್ ಬದಲಿಸಿದೆ. ಬದಲಿಸಿದ್ದನ್ನು ಮರೆತು ಇನ್ನೊಮ್ಮೆ ಬದಲಿಸಿದೆ. ಟೆಲಿಫೋನ್ ಕಂಪನಿಗೆ ಫೋನ್ ಮಾಡಿದರೆ ಬೆಂಗಳೂರಿನ ಹುಡುಗಿಯೊಬ್ಬಳು ಜೇನಿನಂಥ ದನಿಯಲ್ಲಿ "ಆಫ್ ಮಾಡಿ ಆನ್ ಮಾಡಿ ಸಾರ್" ಎಂದಳು. ನನ್ನ ವಿದ್ಯೆಯನ್ನು ನನಗೇ ಹೇಳಿಕೊಡುತ್ತಾಳಲ್ಲ ಎಂದು ಸಿಟ್ಟು ಬಂತು. ಹಿತ್ತಲಿನ ನೀಲಿ ತಂತಿಯನ್ನಾದರೂ ತಂದು ಸಿಕ್ಕಿಸೋಣವೆಂದು ಹೋದೆ. ಬಿಸಿಲಿಗೆ ಅದರ ಮೈಯೆಲ್ಲ ಸೀಳಿತ್ತು, ಮುಟ್ಟಿದಲ್ಲಿ ತುಂಡಾಯಿತು. ಒಣಹಾಕಿದ್ದ ಸೀರೆ ಮಣ್ಣಿಗೆ ಬಿದ್ದದ್ದು ಬೇರೆ ಮಾತು.

ಮಹಾನಂದಾ ಸೀರೆಯನ್ನು ಮತ್ತೆ ಒಗೆಯುತ್ತ ಕೇಳಿದಳು: "ನಿಮಗ ಖರೇನೇ ಬರ್ತದೇನ್ರಿ ಇದು?" ಮದುವೆಯಾದಾಗಿನಿಂದ ಅವಳು ಈ ಪ್ರಶ್ನೆ ಕೇಳಿರಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಅಕ್ಕನ ಕುರ್ರ್ ಹೋದರೆ ಅಕ್ಕ ರವಿಯ ಜೊತೆ ಮಾತ್ರವಲ್ಲ, ನನ್ನ ಜೊತೆಯೂ ಮಾತು ಬಿಡುತ್ತಾಳೆ. ಇರುವ ಇಬ್ಬರು ತಮ್ಮಂದಿರನ್ನೂ ಕಳೆದುಕೊಂಡ ಅಕ್ಕ ಏನಾಗಬೇಡ? ಬಸ್‌ಸ್ಟ್ಯಾಂಡಿನ ಬಳಿಯ ಸೈಬರ್ ಕೆಫೆಗೆ ಹೋಗೋಣವೇ ಎಂದು ಫೋನಿನಲ್ಲಿ ಮೆಲ್ಲಗೆ ಎತ್ತಿದೆ. "ಪಡದಾ ಬಿಟ್ಟಕೊಂಡು ಕುಂಡ್ರೂ ಜಾಗಾದಾಗ ಕೂಸಿನ ಹೆಸರು ಇಡ್ತಾರೇನೋ ತಮ್ಮಾ?" ಎಂದಳು ಅಕ್ಕ. ಎಸ್‌ಟಿಡಿ ಬೂತುಗಳ ಕಾಲದಲ್ಲಿ ಫೋನ್ ಕಲಿತವಳು ಅವಳು. ದೂರ ಹೆಚ್ಚಾದಷ್ಟೂ ಗಂಟಲು ಏರಿಸಬೇಕು ಎಂಬ ಲೆಕ್ಕವನ್ನು ಇನ್ನೂ ಬಿಟ್ಟಿಲ್ಲ. ಬಸವಕಲ್ಯಾಣದಿಂದ ಆಡಿದ ಆ ಮಾತು ಫೋನಿಲ್ಲದೆಯೂ ನಮಗೆ ಕೇಳಿಸುತ್ತಿತ್ತೇನೋ.

ಐತವಾರ ಬೆಳಿಗ್ಗೆ ಅಕ್ಕ ಬಂದಿಳಿದಳು. ಕೈಚೀಲದಲ್ಲಿ ಗುಗ್ಗರಿಗೆ ನೆನೆಸಿದ ಕಡಲೆ, ಕೂಸಿನ ತಲೆಗೆ ಹೊಸ ಕುಂಚಿಗೆ, ಜೊತೆಗೆ ನಮ್ಮ ಅವ್ವನ ಕಾಲದ ಗುಂಡಕಲ್ಲು. ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡಕಲ್ಲು ಮಲಗಿಸುವುದು ನಮ್ಮ ಪದ್ಧತಿ. ಕಲ್ಲಿನಂಥ ಆಯುಷ್ಯ ಬರಲಿ ಎಂದು. ನಾನು ಗೋಡೆಗೂಡಿನ ಮುಂದಿನ ಮೇಜಿನ ಕೆಳಗೆ ತಂತಿಗಳ ನಡುವೆ ಬೋರಲು ಬಿದ್ದಿದ್ದೆ. ಮಸ್ಕತ್ತಿನಲ್ಲಿ ಎಲ್ಲರೂ ಕ್ಯಾಮೆರಾದ ಮುಂದೆ ಕಾಯುತ್ತ ಕೂತಿದ್ದಾರೆಂದು ರವಿ ಫೋನ್ ಮೇಲೆ ಫೋನ್ ಮಾಡುತ್ತಿದ್ದ.

"ತೊಟ್ಟಲಾ ಎಲ್ಲಿ ಕಟ್ಟೀರಿ?" ಎಂದಳು ಅಕ್ಕ.

"ಕೂಸು ಅಲ್ಲಿ ಅದ ಅಕ್ಕಾ, ತೊಟ್ಟಲಾ ಇಲ್ಲಿ ಯಾಕ?" ಎಂದೆ ಮೇಜಿನ ಕೆಳಗಿನಿಂದ.

"ಹೆಸರಿಡಾಕಿ ಇಲ್ಲಿ ಅದೀನಿ. ತೊಟ್ಟಲಾನೂ ಇಲ್ಲೇ ಬೇಕು."

ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿ ನಮ್ಮ ನಡುಮನೆಯ ತೊಲೆಯಲ್ಲಿದೆ. ಸರಿಯಾಗಿ ಅದರ ಕೆಳಗೆ, ಗೋಡೆಗೂಡಿನ ಪಕ್ಕಕ್ಕೆ ಒತ್ತಿಕೊಂಡು ಜೋಳದ ಡ್ರಮ್ಮು ನಿಂತಿತ್ತು. "ಜರಾ ಬಂದು ಕೈ ಹಚ್ರಿ" ಎಂದಳು ಮಹಾನಂದಾ. ಮಹತ್ವದ ತಾಂತ್ರಿಕ ಕೆಲಸದ ನಡುವೆ ಜೋಳ ನೂಕಲು ಕರೆಯುತ್ತಾರಲ್ಲ ಎಂದು ಗೊಣಗುತ್ತ ಎದ್ದೆ. ಮೂವರೂ ಸೇರಿ ಡ್ರಮ್ಮನ್ನು ಓರೆ ಮಾಡಿ, ಅಂಚಿನ ಮೇಲೆ ಉರುಳಿಸುತ್ತ ಅಡಿಗೆಮನೆಯ ಬಾಗಿಲಿಗೆ ಮುಟ್ಟಿಸಿದೆವು. ಸೊಂಟ ಹಿಡಿದುಕೊಂಡು ಬಂದು ನೋಡಿದರೆ ಕಂಪ್ಯೂಟರಿನ ಮೂಲೆಯಲ್ಲಿ ಹಸಿರು ಕಡ್ಡಿಗಳು ಸಾಲಾಗಿ ಎದ್ದು ನಿಂತಿದ್ದವು.

"ನಾ ಹೇಳಿರಲಿಲ್ಲೇನು? ಕಡೀಗೆ ಬದಲಿ ಮಾಡಿದ ಪಾಸ್‌ವರ್ಡ್ ಹತ್ತಿತು ನೋಡು" ಎಂದೆ. ಅಕ್ಕ ನನ್ನ ತಲೆ ಸವರಿದಳು. ಹೆಂಡತಿಯ ಮುಖದ ಮೇಲೂ ಹಳೆಯ ಗೌರವ ಮರಳಿದಂತೆ ಕಂಡಿತು.

ತೊಟ್ಟಿಲಲ್ಲಿ ಗುಂಡಕಲ್ಲು ಮಲಗಿತು, ಪರದೆಯ ಮೇಲೆ ಕೂಸು ಆಕಳಿಸಿತು. ಅಕ್ಕ ಕೂಸಿನ ಮಾರಿಯನ್ನು ಕಣ್ತುಂಬ ನೋಡಿದಳು. ಮೂಗು ಅವ್ವನದೇ ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಅವಳು ಮೈಕಿಗೆ ಬಾಯಿ ಹಚ್ಚಿ, ಮಸ್ಕತ್ತಿನ ದೂರಕ್ಕೆ ತಕ್ಕ ಗಂಟಲಲ್ಲಿ "ಕುರ್ರ್... ಗಂಗಾ" ಎಂದಳು. ಅಲ್ಲಿ ಕೂಸು ಬೆಚ್ಚಿ ಅಳತೊಡಗಿತು. ಹೆಸರು ಗಟ್ಟಿಯಾಗಿ ಹತ್ತಿತು ಎಂದು ಎಲ್ಲರಿಗೂ ಸಮಾಧಾನವಾಯಿತು.

ಅಷ್ಟರಲ್ಲಿ ಮಹಾನಂದಾ, "ರೊಟ್ಟಿ ಬಡಿಯಾಕ ಒಳಗ ಹೋಗಾಕ ದಾರಿ ಇಲ್ಲ. ಡ್ರಮ್ಮು ಮೊದಲಿನ ಜಾಗಾಕ ತರ್ರಿ" ಎಂದಳು. ತೊಟ್ಟಿಲನ್ನು ಒತ್ತಟ್ಟಿಗೆ ಎತ್ತಿ ಕಟ್ಟಿದಳು. ಗೆದ್ದ ಹುರುಪಿನಲ್ಲಿ ನಾನೊಬ್ಬನೇ ಡ್ರಮ್ಮನ್ನು ಉರುಳಿಸಿ ತಂದು ನಿಲ್ಲಿಸಿದೆ.

"ತಮ್ಮಾ, ಕೂಸು ಬಾಯಿ ತಗದದ್ದು ಮುಚ್ಚವಲ್ದಲ್ಲೋ" ಎಂದಳು ಅಕ್ಕ.

ಪರದೆಯ ಮೇಲೆ ಕೂಸು ಅಳುವಿನ ನಡುವೆ ಹಾಗೇ ನಿಂತುಬಿಟ್ಟಿತ್ತು. ಹಸಿರು ಕಡ್ಡಿಗಳು ಮಾಯ. ಮಹಾನಂದಾ ಡ್ರಮ್ಮನ್ನು ನೋಡಿದಳು, ಪರದೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಒಮ್ಮೆ ಸರಸ್ರಿ" ಎಂದಳು. ಸರಿಸಿದೆ. "ಬಂತು" ಎಂದಳು ಅಕ್ಕ. "ಈಗ ತರ್ರಿ" ಎಂದಳು ಹೆಂಡತಿ. ತಂದೆ. "ಹೋತು" ಎಂದಳು ಅಕ್ಕ. ಅನುಮಾನ ಉಳಿಯಬಾರದೆಂದು ಇಬ್ಬರೂ ನನ್ನಿಂದ ವರ್ಷದ ಜೋಳವನ್ನು ಅತ್ತಿತ್ತ ತಿರುಗಾಡಿಸಿದರು. ಕಡೆಗೆ ಡ್ರಮ್ಮು ನಾನು ಮಲಗುವ ಕೋಣೆಗೆ ಹೋಯಿತು. ಕೂಸು ತಿರುಗಿ ಬಂದು ಅಳುವನ್ನು ಮುಂದುವರಿಸಿತು. ಪಾಸ್‌ವರ್ಡಿನ ಮಾತನ್ನು ಯಾರೂ ಎತ್ತಲಿಲ್ಲ.

"ಒಂದು ಉಳೀತಲ್ಲ ಮಹಾನಂದಾ" ಎಂದಳು ಅಕ್ಕ. ಕುರ್ರ್ ಎಂದವರ ಬೆನ್ನಿಗೆ ಉಳಿದ ಹೆಂಗಸರು ಗುದ್ದಬೇಕು, ಅದೂ ನಮ್ಮಲ್ಲಿ ಪದ್ಧತಿ. "ನನ್ನ ಬೆನ್ನಿನಾಗ ಬ್ಯಾನಿ ಅದವ್ವಾ. ನನ್ನ ಪರವಾಗಿ ತಮ್ಮಗ ಹಾಕಿಬಿಡು."

ಸೀರೆ ಎರಡು ಸಲ ಒಗೆದ ಕೈ ಅದು. ಇಡೀ ವಾರದ್ದನ್ನು ಒಂದೇ ಸಲಕ್ಕೆ ಸೇರಿಸಿ ಹಾಕಿತು. ಮೈಕು ತೆರೆದೇ ಇತ್ತು.

"ಅಣ್ಣಾ, ಅಲ್ಲಿ ಏನರೆ ಬಿತ್ತೇನು?" ಎಂದು ಮಸ್ಕತ್ತಿನಿಂದ ರವಿ ಗಾಬರಿಯಾಗಿ ಕೇಳಿದ.

"ಏನಿಲ್ಲಪ್ಪಾ" ಎಂದೆ, ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ. "ಸಿಗ್ನಲ್ ಚಲೋ ಬರಾಕತ್ತದ."