ಲಾರಿಗೊಂದು ಲಂಗರು

ಬ್ರೇಕ್ ತುಳಿದಲ್ಲೆಲ್ಲ ಲಾರಿ ನಿಂತುಬಿಡುವಂತಿದ್ದರೆ ಡ್ರೈವರುಗಳ ಹತ್ತಿರ ಹೇಳಲು ಕಥೆಯೇ ಇರುತ್ತಿರಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾವರದ ಕಾಸರಕೋಡಿನಿಂದ ಮೀನು ತುಂಬಿಕೊಂಡು ಒಮ್ಮೆ ಭಟ್ಕಳಕ್ಕೆ, ಒಮ್ಮೆ ಕುಮಟೆಗೆ ಲಾರಿ ಹೊಡೆಯುತ್ತಿದ್ದೆ. ಅದಕ್ಕೂ ಮೊದಲು ಬೊಂಬಾಯಿ ಲೈನಿನಲ್ಲಿದ್ದು ಹೆಂಡತಿಯ ಮುಖವೇ ಮರೆತುಹೋಗುವ ಹಾಗಾಗಿತ್ತು. ಈಗ ದಿನಾ ಸಂಜೆ ಮನೆ ಊಟ. ಈ ಕೆಲಸ ಕಳೆದುಕೊಂಡು ಮತ್ತೆ ಬೊಂಬಾಯಿಗೆ ಹೋಗುವುದು ನನಗೆ ಸುತರಾಂ ಬೇಡವಾಗಿತ್ತು. ಆದರೆ ಪಕ್ಕದಲ್ಲಿ ನಮ್ಮ ಸಾವ್ಕಾರರು ಕೂತಿರುತ್ತಿದ್ದರು. ಜೀವಮಾನವಿಡೀ ದೋಣಿ ನಡೆಸಿ, ಅದನ್ನು ಮಾರಿ ಲಾರಿ ಕೊಂಡವರು.

ನಡುಗುವ ಕಾಲು

ಒದ್ದೆ ರಸ್ತೆಯಲ್ಲಿ ಬ್ರೇಕನ್ನು ಒಂದೇ ಸಮ ಒತ್ತಿ ಹಿಡಿದರೆ ಗಾಲಿ ಕಚ್ಚಿಕೊಂಡು ಲಾರಿ ಜಾರುತ್ತದೆ. ಒತ್ತಬೇಕು, ಬಿಡಬೇಕು, ಮತ್ತೆ ಒತ್ತಬೇಕು. ಈಗಿನ ಲಾರಿಗಳಲ್ಲಿ ಆ ಕೆಲಸವನ್ನು ಯಂತ್ರವೇ ಮಾಡುತ್ತದೆ. ಆಗ ನನ್ನ ಬಲಗಾಲೇ ಮಾಡಬೇಕಿತ್ತು.

"ಎಂತ ತಮಾ, ಕಾಲು ನಡುಗ್ತದ್ಯಾ?" ಎಂದರು ಸಾವ್ಕಾರರು. ನಾನು ವಿವರಿಸಿದ್ದು ಅವರ ತಲೆಗೆ ಹೋಗಲಿಲ್ಲ. "ಹಿಂಗೇ ಆದ್ರೆ ಬೇರೆ ಡ್ರೈವರನ್ನ ನೋಡ್ಬೇಕಾತದೆ" ಎಂದೂ ಸೇರಿಸಿದರು. ಹಿಂದೆ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಅಕ್ಕ ಇದನ್ನು ಕೇಳಿ, ಮರುದಿನ ಕುಮಟೆಯ ನಾಟಿ ವೈದ್ಯರಿಂದ ಎಣ್ಣೆ ತಂದುಕೊಟ್ಟಳು. ಕೆಲಸ ಉಳಿಯಲಿ ಎಂದು ಸಾವ್ಕಾರರ ಎದುರೇ ಪಾದದವರೆಗೆ ತಿಕ್ಕಿಕೊಂಡೆ. ಲಾರಿ ಹೊರಟ ಮೇಲೆ ಕಾಲು ಎಣ್ಣೆಗೆ ಜಾರಿ ಪೆಡಲಿನ ಮೇಲೆ ನಿಲ್ಲಲೇ ಇಲ್ಲ. ನಿಜವಾಗಿ ನಡುಕ ಹುಟ್ಟಿದ್ದು ಆ ದಿನ.

ದಡ ಮುಟ್ಟುವ ಕ್ರಮ

ಹೊನ್ನಾವರದ ಹತ್ತಿರ ಒಂದು ಇಳಿಜಾರು. ಕೆಳಗೆ ನಾವು ದಿನಾ ನಿಲ್ಲುವ ಚಾ ಅಂಗಡಿ. ಇಳಿಜಾರಿನ ಮೇಲ್ತುದಿಯಲ್ಲೇ ಸಾವ್ಕಾರರು ಕೈಚಾಚಿ ಇಂಜಿನ್ ಬಂದ್ ಮಾಡಿಬಿಟ್ಟರು.

"ದೋಣಿ ಕಟ್ಟೂ ದಕ್ಕೆ ಕಂಡ ಕೂಡ್ಲೇ ಇಂಜಿನ್ ನಿಲ್ಲಿಸ್ಬೇಕು. ದೋಣಿ ತಾನಾಗೇ ಹೋಗಿ ತಾಗ್ತದೆ."

ಇಂಜಿನ್ ನಿಂತರೆ ನಮ್ಮ ಬ್ರೇಕಿಗೆ ಬಲವೇ ಇಲ್ಲ. ಪೆಡಲು ಕಲ್ಲಾಯಿತು. ಚಾ ಅಂಗಡಿ ಎದುರು ಬಂತು, ಹಿಂದೆ ಹೋಯಿತು. ನಾನು ಹ್ಯಾಂಡ್‌ಬ್ರೇಕನ್ನು ಸ್ವಲ್ಪಸ್ವಲ್ಪವೇ ಎಳೆದು, ಬಹಳ ದೂರದಲ್ಲಿ ಇನ್ನೊಂದು ಅಂಗಡಿಯ ಮುಂದೆ ಹೇಗೋ ನಿಲ್ಲಿಸಿದೆ. ಸಾವ್ಕಾರರು ಇಳಿದು ಒಂದು ಗುಟುಕು ಕುಡಿದು, "ನಾ ಹೇಳ್ಲಿಲ್ವಾ? ಇಲ್ಲಿ ಚಾನೂ ಚಲೋ ಅದೆ" ಎಂದರು.

ಲಂಗರು

ದೋಣಿ ಮಾರಿದರೂ ಸಾವ್ಕಾರರು ಅದರ ಸಣ್ಣ ಲಂಗರನ್ನು ಮಾರಿರಲಿಲ್ಲ. ಲಕ್ಷ್ಮಿ ಎಂದು ಕುಂಕುಮ ಹಚ್ಚಿ ಲಾರಿಯಲ್ಲಿ ಕಾಲಬುಡದಲ್ಲೇ ಇಟ್ಟುಕೊಂಡಿದ್ದರು. ಅದರ ಹಗ್ಗವನ್ನು ಬಾಗಿಲಿನ ಹಿಡಿಕೆಗೆ ಕಟ್ಟಿದ್ದರು.

ಅವತ್ತು ಭಟ್ಕಳದ ದಾರಿಯಲ್ಲಿ ಮೊದಲ ಮಳೆ. ರಸ್ತೆಯ ಮೇಲೆ ಮುಂದೆ ಹೋದ ಮೀನು ಲಾರಿಗಳ ನೀರು. ನಮ್ಮ ಮುಂದೆ ಹೋಗುತ್ತಿದ್ದ ಬಸ್ಸು ತಟ್ಟನೆ ನಿಂತಿತು. ನಾನು ಒತ್ತಿದೆ, ಬಿಟ್ಟೆ, ಒತ್ತಿದೆ, ಬಿಟ್ಟೆ. ವೇಗ ಇಳಿಯುತ್ತಿತ್ತು.

"ಮತ್ತೆ ನಡುಗ್ತೆಯಲ್ಲೋ" ಎನ್ನುತ್ತ ಸಾವ್ಕಾರರು ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದರು. ಹಿಂದಿನ ಗಾಲಿಗಳು ಕಚ್ಚಿಕೊಂಡವು. ಲಾರಿ ಅಡ್ಡ ತಿರುಗಿ ಜಾರತೊಡಗಿತು. ನಾನು ಕೆಲಸದ ಆಸೆ ಬಿಟ್ಟು ಜೀವದ ಆಸೆ ಹಿಡಿದೆ. ಅವರು ಲಂಗರು ಎತ್ತಿ ಕಿಟಕಿಯಿಂದಾಚೆ ಎಸೆದು ಕಣ್ಣು ಮುಚ್ಚಿಕೊಂಡರು.

ಲಂಗರು ಕೇದಗೆ ಪೊದೆಗೆ ಸಿಕ್ಕಿತು. ಬಾಗಿಲಿನ ಹಿಡಿಕೆ ಕಿತ್ತುಕೊಂಡು ಅದರ ಹಿಂದೆಯೇ ಹೋಯಿತು. ಲಾರಿ ತನ್ನಷ್ಟಕ್ಕೆ ರಸ್ತೆ ಬದಿಯ ಮರಳಿಗೆ ಇಳಿದು, ಬಸ್ಸಿಗೆ ಒಂದು ಮೊಳ ಇರುವಾಗ ನಿಂತಿತು.

ಕಂಡಕ್ಟರ್ ಇಳಿದು ಬಂದ. "ಯಾರ್ರೀ ಹೀಗೆ ಬ್ರೇಕ್ ಹಾಕಿದವ್ರು? ಅವ್ನನ್ನ ಮೊದ್ಲು ಕೆಲ್ಸದಿಂದ ತೆಗೀರಿ."

ನಾನು ತಲೆ ತಗ್ಗಿಸಿದೆ. ಬೊಂಬಾಯಿ ಲೈನು ಕಣ್ಣ ಮುಂದೆ ಬಂತು. ಸಾವ್ಕಾರರು ರಸ್ತೆಯ ಮೇಲಿನ ಗಾಲಿಯ ಕರಿ ಗೀಟನ್ನು ಬಹಳ ಹೊತ್ತು ನೋಡಿದರು.

"ಹಾಕಿದವ ನಾನು. ತೆಗೆಯೂದು ಹೆಂಗೆ?"

ಆಮೇಲೆ ಅವರೇ ಹೋಗಿ ಪೊದೆಯಿಂದ ಲಂಗರು ಬಿಡಿಸಿ, ಮರಳು ಒರೆಸಿ, ತಂದು ಪಕ್ಕದಲ್ಲಿ ಕೂತರು. ನನ್ನ ಬೆನ್ನಿನ ಮೇಲೊಮ್ಮೆ ಕೈಯಿಟ್ಟರು.

"ಆತು ತಮಾ. ಇನ್ನು ಬ್ರೇಕ್ ಎಲ್ಲ ನೀನೇ ನೋಡ್ಕೋ. ಲಂಗರು ಮಾತ್ರ ನಾ ನೋಡ್ತೆ."