ಪುಟ್ಟಿಗೆ ನಾನು ಹೊಲಿದ ಲಂಗ

"ಪುಟ್ಟಿ ಲಂಗ ನಾನೇ ಹೊಲೀತೀನಿ!" ಎಂದು ನಾನು ಘೋಷಿಸಿದ ಕೂಡಲೇ ನನ್ನ ಹೆಂಡತಿ ಚನ್ನಾಜಮ್ಮ ರಾಗಿ ಬೀಸುವುದನ್ನು ನಿಲ್ಲಿಸಿದಳು.

"ಅಂಗಿ ಗುಂಡಿ ಕಿತ್ತೋದ್ರೆ ನನ್ನ ಕೂಗ್ತೀರಿ. ನೀವು ಲಂಗ ಹೊಲೀತೀರಾ?"

"ತಾಲ್ಲೂಕು ಕಚೇರೀನೇ ನಡೆಸೋನಿಗೆ ಲಂಗ ಯಾವ ಲೆಕ್ಕ ಕಣೇ!"

ಕಚೇರಿಯಲ್ಲಿ ನಾನು ಬರೀ ಗುಮಾಸ್ತ. ಆದರೆ ಹೆಂಡತಿಯ ಮುಂದೆ ಅಷ್ಟೂ ಹೇಳದಿದ್ದರೆ ಹೇಗೆ?

ಬಟ್ಟೆ ಕಂಟ್ರೋಲಿನ ಕಾಲ ಅದು. ಯುದ್ಧ ಮುಗಿದಿತ್ತು, ಬಟ್ಟೆ ಮಾತ್ರ ಬಂದಿರಲಿಲ್ಲ. ಊರಿಗೆಲ್ಲ ರೇಷ್ಮೆ ನೇಯ್ದು ಕಳಿಸುವ ನಮ್ಮ ಕೊಳ್ಳೇಗಾಲದಲ್ಲಿ ಮಕ್ಕಳಿಗೆಲ್ಲ ರೇಷನ್ ಡಿಪೋದಲ್ಲಿ ಅಳೆದು ಕೊಡುವ ಅದೇ ಬೂದಿ ಬಣ್ಣದ ಬಟ್ಟೆ! ಅಂಥದ್ದರಲ್ಲಿ ಮಾಂಬಳ್ಳಿಯಲ್ಲಿ ಚನ್ನಾಜಮ್ಮನ ಅಣ್ಣನ ಮಗಳ ಮದುವೆ. ಧಾರೆ ಸೀರೆ ಕೊಳ್ಳಲು ಭಾವ ಸಿದ್ದಮಲ್ಲಪ್ಪನವರೇ ಅಂದು ಗಾಡಿ ಕಟ್ಟಿಕೊಂಡು ಬರುವವರಿದ್ದರು. ಹೋಗುವಾಗ ತಂಗಿಯನ್ನೂ ಪುಟ್ಟಿಯನ್ನೂ ಕರೆದೊಯ್ಯುವುದೆಂದು ಮಾತಾಗಿತ್ತು. ಪುಟ್ಟಿಗೆ ಉಡಲು ಒಂದು ಒಳ್ಳೆಯ ಲಂಗ ಇರಲಿಲ್ಲ.

ನೇಕಾರರ ಬೀದಿಯಲ್ಲಿ ಅಲೆದು ರೇಷ್ಮೆ ಚೂರುಗಳನ್ನು ಆರಿಸಿ ತಂದೆ. ದರ್ಜಿ ಮಾದಸ್ವಾಮಿಯ ಕಾಲು ಹಿಡಿಯುವುದೊಂದು ಬಾಕಿ, ಅವನ ಕೈಮಿಷನ್ನು ಹೊತ್ತು ತಂದೆ. ಅಬ್ಬಬ್ಬಾ, ಆ ಮಿಷನ್ನೋ! ಹಿಡಿ ತಿರುಗಿಸಿದರೆ ಸೂಜಿ ತಾನಾಗಿ ಕುಣಿಯುತ್ತೆ. ಮೇಲಿನ ದಾರ, ಕೆಳಗಿನ ದಾರ ಎರಡೂ ಯಾರ ಕಣ್ಣಿಗೂ ಬೀಳದೆ ಬಟ್ಟೆಯೊಳಗೆ ಗಂಟು ಹಾಕಿಕೊಳ್ಳುತ್ತವೆ! ಇದನ್ನು ಕಂಡುಹಿಡಿದ ಪುಣ್ಯಾತ್ಮನ ತಲೆ ಎಂಥದ್ದಿರಬೇಕು ಎಂದು ನಾನು ಬೆರಗಾಗಿ ಕೂತೆ. ಕೆಂಪಿನ ಪಕ್ಕ ಹಸಿರು, ಹಸಿರಿನ ಪಕ್ಕ ಅರಿಶಿನ, ಆಮೇಲೆ ನೇರಳೆ. ಚೂರು ಚೂರಾಗಿದ್ದದ್ದು ನನ್ನ ಕಣ್ಣೆದುರೇ ಲಂಗವಾಗತೊಡಗಿತು.

ಪುಟ್ಟಿ ಕೆನ್ನೆಗೆ ಕೈಕೊಟ್ಟು ಕೂತಿದ್ದಳು. "ಅಪ್ಪಯ್ಯಾ, ಈ ಬಣ್ಣ ಎಲ್ಲಾ ನಂದಾ?"

"ಎಲ್ಲಾ ನಿಂದೇ ಕಣವ್ವಾ!"

ಲಾಡಿ ಏರಿಸಿದ್ದಾಯಿತು. ಉಳಿದದ್ದು ಅಂಚೊಂದೇ. ಗರಗರ ತಿರುಗಿಸಿದೆ. ಮಿಷನ್ನು ಗಕ್ಕನೆ ನಿಂತಿತು. ಲಂಗ ಎಳೆದೆ. ಲಂಗದ ಜೊತೆ ನನ್ನ ಸೊಂಟವೂ ಹೊರಟಿತು! ಬಗ್ಗಿ ನೋಡುತ್ತೇನೆ, ನಾನು ಉಟ್ಟಿದ್ದ ಪಂಚೆಯ ಅಂಚು ಲಂಗದ ಅಂಚಿಗೆ ಗೇಣುದ್ದ ಹೊಲಿದುಹೋಗಿದೆ! ಸೂಜಿ ಎರಡರ ನಡುವೆ ಕಚ್ಚಿಕೊಂಡಿದೆ. ಬೇರೆ ಕಡೆ ಎಳೆದರೆ ಬಿಟ್ಟುಕೊಳ್ಳುತ್ತಿದ್ದ ನನ್ನ ಹೊಲಿಗೆ ಇಲ್ಲಿ ಮಾತ್ರ ಕಬ್ಬಿಣದ ಹಾಗೆ ಕೂತಿತ್ತು.

ಆಗಲೇ ಬಾಗಿಲಲ್ಲಿ ಗಾಡಿ ನಿಂತಿತು!

"ಏನ್ರೀ, ಅಣ್ಣ ಬಂದ! ಎದ್ದು ಬನ್ನಿ!" ಎಂದಳು ಚನ್ನಾಜಮ್ಮ.

ಎದ್ದರೆ ನಾನು, ಲಂಗ, ಮಿಷನ್ನು ಮೂವರೂ ಏಳಬೇಕು. ಹೇಳಿಕೊಂಡರೆ ಬೆಳಗ್ಗೆ ಕೊಚ್ಚಿದ್ದೆಲ್ಲ ಮಣ್ಣುಪಾಲು. ಕೂತಲ್ಲೇ ಹಲ್ಲು ಕಿರಿದೆ. "ಬನ್ನಿ ಭಾವ, ಬನ್ನಿ, ಕೂತ್ಕೊಳ್ಳಿ!"

ಭಾವ ಹೊಸ್ತಿಲಲ್ಲೇ ನಿಂತರು. ಕಾಯ್ದರು. ಮೀಸೆ ಅದುರಿತು.

"ಎಣ್ಣು ಕೊಟ್ಟ ಮನೆಯೋನು ಬಂದ್ರೆ ಏಳಕ್ಕೂ ಆಗ್ನಿಲ್ವಾ ಸದಾಶಿವಪ್ಪೋರೇ? ಗೌರ್ಮೆಂಟ್ ಕೆಲಸ ಅಷ್ಟು ಭಾರ ಆಗೋಯ್ತಾ?"

"ಅಯ್ಯೋ, ಹಾಗಲ್ಲ ಭಾವ... ಕಾಲು ಜೋಮು ಹಿಡಿದು..."

"ಚನ್ನಿ, ನಾನು ಓಯ್ತೀನಿ ಕಣವ್ವಾ. ಮರ್ವಾದೆ ಇಲ್ದಿರೋ ಕಡೆ ನೀರೂ ಕುಡಿಯಕ್ಕಿಲ್ಲ." ಸರ್ರನೆ ತಿರುಗಿ ಗಾಡಿಯತ್ತ ನಡೆದರು.

ಚನ್ನಾಜಮ್ಮನ ಕಣ್ಣಲ್ಲಿ ನೀರು ತುಂಬಿತು. "ನನ್ನ ತವರಿನ ಬಾಗಿಲೇ ಮುಚ್ಚಿಸಿಬಿಟ್ರಲ್ರೀ!"

ಮಾನ ಹೋದರೆ ಹೋಗಲಿ ಎಂದು ಬಲವಾಗಿ ಜಗ್ಗಿದೆ. ಸೂಜಿ ಟಕ್ಕನೆ ಮುರಿಯಿತು. ಲಂಗ ಮಿಷನ್ನಿನಿಂದ ಬಿಟ್ಟುಕೊಂಡಿತು. ಅಷ್ಟೇ ಸಾಕಾಯಿತು ಪುಟ್ಟಿಗೆ! ತಲೆ ತೂರಿಸಿ, ಲಾಡಿ ಬಿಗಿದು, "ಮಾವಾ! ಮಾವಾ! ನನ್ ಲಂಗ ನೋಡು!" ಎನ್ನುತ್ತಾ ಬೀದಿಗೆ ಓಡಿದಳು. ನನ್ನ ಪಂಚೆಯೂ ಗಂಟು ಕಳಚಿಕೊಂಡು ಅವಳ ಹಿಂದೆಯೇ ಓಡಿತು!

"ಏ ಪುಟ್ಟೀ!" ಎಂದು ಬಾಗಿಲಿಗೆ ಧಾವಿಸಿದವನು ಅಲ್ಲೇ ಕಂಬವಾಗಿ ನಿಂತೆ.

ಬಿಸಿಲಲ್ಲಿ ಪುಟ್ಟಿ ಗಿರ್ರನೆ ತಿರುಗುತ್ತಿದ್ದಳು. ಕೆಂಪು, ಹಸಿರು, ಅರಿಶಿನ, ನೇರಳೆ ಎಲ್ಲಾ ಒಟ್ಟಿಗೆ ಹೊತ್ತಿಕೊಂಡ ಹಾಗೆ ಹೊಳೆಯುತ್ತಿದ್ದವು. ಸುತ್ತಲೂ ನನ್ನ ಬಿಳಿ ಪಂಚೆ ಗಾಳಿಯಲ್ಲಿ ತೇಲುತ್ತಿತ್ತು. ಬೂದಿ ಬಣ್ಣದ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಎತ್ತುಗಳೂ ಮೆಲುಕು ಮರೆತಿದ್ದವು. ದೇವರೇ, ಇದು ನನ್ನ ಕೈಯಲ್ಲಿ ಆದದ್ದೇ? ನನ್ನ ಕಣ್ಣು ಒದ್ದೆಯಾಯಿತು. ಮೈಮೇಲೆ ಏನಿದೆ ಏನಿಲ್ಲ ಎಂಬುದೇ ಮರೆತುಹೋಯಿತು.

"ಅವ್ವಯ್ಯಾ, ನಮ್ಮ ಮದ್ವೆ ಎಣ್ಣಿಗೂ ಇಂಥ ಬಟ್ಟೆ ಇಲ್ವಲ್ಲ!" ಎಂದು ಭಾವ ಸೊಸೆಯನ್ನು ಎತ್ತಿಕೊಂಡರು. ಲಂಗದ ತುದಿಗಿದ್ದ ಪಂಚೆಯನ್ನು ನೋಡಿದರು. ಅದರ ಜಾಡು ಹಿಡಿದು ಬಾಗಿಲತ್ತ ನೋಡಿದರು.

ಪಟ್ಟಾಪಟ್ಟಿ ಚಡ್ಡಿಯಲ್ಲಿ, ಎರಡು ಕೈ ಜೋಡಿಸಿ, ನೆಟ್ಟಗೆ ಎದ್ದು ನಿಂತಿದ್ದೆ!

ಭಾವ ಮಗುವಿನ ಕಣ್ಣು ಮುಚ್ಚಿ ಕೂಗಿದರು:

"ದಮ್ಮಯ್ಯ, ಕೂತ್ಕಳಿ ಸದಾಶಿವಪ್ಪೋರೇ! ಇನ್ಮೇಲೆ ನಾನು ಯಾವಾಗ ಬಂದ್ರೂವೆ ನೀವು ಏಳಲೇಬ್ಯಾಡಿ!"